ಇನ್ನೊಬ್ಬರ ಅಳತೆಯ ಸೀಟು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೋಟೆಲಿನ ಹಿಂದೆ ನಿಂತಿರುವ ಸೈಕಲ್ ಓಟದ ತಂಡದ ಲಾರಿಯ ಪಕ್ಕ ಗುಲ್ವೆನ್ ಕೆರ್ಬಿರಿಯೂ ಬಗ್ಗಿ, ತಮ್ಮ ಸೈಕಲ್ಲಿನ ಸೀಟನ್ನು ಒಂದು ಬೆರಳಿನಷ್ಟು ಮೇಲಕ್ಕೇರಿಸಿ ಬೋಲ್ಟ್ ಬಿಗಿಯುತ್ತಿದ್ದಾರೆ. ರಾತ್ರಿ ಅದನ್ನು ಇಳಿಸಿಟ್ಟವರು ಮೆಕ್ಯಾನಿಕ್ ಜೊಯೆಲ್. ಕಾಫಿ ಹಿಡಿದು ಬಂದ ಜೊಯೆಲ್ ಕಣ್ಣಿಗೆ ಅದು ಬಿದ್ದೇ ಬೀಳುತ್ತದೆ.

“ಮತ್ತೆ ಏರಿಸಿದ್ಯಾ? ಮಂಡಿ ಚಿಪ್ಪು ಕೈಗೆ ಬರುತ್ತೆ ನೋಡು ಒಂದಿನ.”

“ಸೆಪ್ಟೆಂಬರ್‌ವರೆಗೂ ತಡೆದ್ರೆ ಸಾಕು. ಆಮೇಲೆ ಚಿಪ್ಪು ನಿಂಗೇ ಕೊಡ್ತೀನಿ, ಸಿಗರೇಟು ಬೂದಿ ಉದುರಿಸ್ಕೋ.”

ಆ ಎತ್ತರ ಗುಲ್ವೆನ್ ಅವರ ಕಾಲಿಗೆ ತಕ್ಕದ್ದಲ್ಲ, ತಂಡದ ನಾಯಕ ಲುದೋ ಅವರ ಕಾಲಿಗೆ ತಕ್ಕದ್ದು. ದಾರಿಯಲ್ಲಿ ಲುದೋ ಸೈಕಲ್ ಕೈಕೊಟ್ಟು, ತಂಡದ ಕಾರು ಹಿಂದೆಲ್ಲೋ ಸಿಕ್ಕಿಕೊಂಡಿದ್ದರೆ ಗುಲ್ವೆನ್ ತಮ್ಮದನ್ನು ಬಿಟ್ಟುಕೊಡಬೇಕು. ನಾಯಕ ಹತ್ತಿದೊಡನೆ ಹೊರಡುವಂತಿರಬೇಕು. ಹಾಗೆ ಮಾಡೆಂದು ಯಾರೂ ಹೇಳಿದ್ದಿಲ್ಲ. “ಅವನು ಉದ್ದ, ಕಾಲು ಕತ್ತರಿಸ್ಕೊಳ್ಳೋಕಾಗುತ್ತಾ? ನಾನೇ ಸ್ವಲ್ಪ ಚಾಚಿದ್ರಾಯ್ತು” ಎನ್ನುತ್ತಾರೆ ಅವರು. ಹೀಗೆ ಕಾಲು ಚಾಚಿ ಚಾಚಿಯೇ ರಾತ್ರಿ ಮಂಡಿಗೆ ಐಸ್ ಕಟ್ಟಿಕೊಂಡು ಮಲಗುವ ಅಭ್ಯಾಸವಾಗಿದೆ.

ಫ್ರಾನ್ಸಿನ ಬ್ರಿಟನಿ ಕರಾವಳಿಯ ಪ್ಲುವೆನೆಕ್ ಅವರ ಊರು. ತಾಯಿ ಮರಿವೊನ್ ಹೂಕೋಸಿನ ಹೊಲಗಳಲ್ಲಿ ಕೂಲಿ ಮಾಡಿ ಸಾಕಿದ ಒಬ್ಬನೇ ಮಗ. ಸಮುದ್ರದ ಗಾಳಿಗೆ ಎದೆಕೊಟ್ಟು ಶಾಲೆಗೆ ಸೈಕಲ್ ತುಳಿದವರಿಗೆ ಬೇರೆ ತರಬೇತಿ ಬೇಕಿರಲಿಲ್ಲ. ಸುತ್ತಲಿನ ಊರುಗಳ ಭಾನುವಾರದ ಓಟಗಳಲ್ಲಿ ಗೆದ್ದು, ಬಹುಮಾನದ ಹಂದಿತೊಡೆಯನ್ನು ಹೆಗಲಿಗೆ ನೇತುಹಾಕಿಕೊಂಡು ಮನೆಗೆ ಬರುತ್ತಿದ್ದರು. ವೃತ್ತಿಪರ ತಂಡ ಸೇರಿದ ಮೇಲೆ ಒಂದನ್ನೂ ಗೆದ್ದಿಲ್ಲ. ಗೆಲ್ಲುವುದು ಅವರ ಕೆಲಸವೇ ಅಲ್ಲ.

ಅವರನ್ನು ಇಲ್ಲಿ ನೀರು ಹೊರುವವರು ಎನ್ನುತ್ತಾರೆ. ಓಟದ ನಡುವೆ ವೇಗ ತಗ್ಗಿಸಿ ಹಿಂದಿನ ಕಾರಿನ ತನಕ ಬರಬೇಕು. ಬಾಟಲಿಗಳನ್ನು ಅಂಗಿಯೊಳಗೆ, ಬೆನ್ನಿಗೆ, ಕುತ್ತಿಗೆಯ ಹತ್ತಿರ ತುರುಕಿಕೊಂಡು ಮತ್ತೆ ಗುಂಪಿನ ಮುಂದಕ್ಕೆ ತುಳಿದು ಎಲ್ಲರಿಗೂ ಹಂಚಬೇಕು. ಬಿಸಿಲಿನ ದಿನ ಒಬ್ಬರೇ ನಲವತ್ತು ಬಾಟಲಿ ಸಾಗಿಸುವುದುಂಟು. ಮಿಕ್ಕ ಹೊತ್ತು ಗಾಳಿಗೆ ಮುಖಕೊಟ್ಟು ನಾಯಕನಿಗೆ ಮರೆಯಾಗಿರಬೇಕು. ಪತ್ರಿಕೆಗಳು ಮೊದಲ ಹತ್ತು ಹೆಸರು ಅಚ್ಚು ಹಾಕಿ ಕೈತೊಳೆದುಕೊಳ್ಳುತ್ತವೆ, ನೂರರ ಆಚೆಯವರು ಯಾರಿಗೆ ಬೇಕು?

ಕೆಲವು ವರ್ಷಗಳ ಹಿಂದೆ ಓಟ ಪ್ಲುವೆನೆಕ್ ಮೂಲಕವೇ ಹಾದಿತ್ತು. ಊರಿಗೆ ಊರೇ ಕುರ್ಚಿ ಹಾಕಿಕೊಂಡು ರಸ್ತೆ ಬದಿ ಕೂತಿತ್ತು. ಗುಂಪು ಬಂತು, ಹೋಯಿತು, ಗುಲ್ವೆನ್ ಅದರಲ್ಲಿರಲಿಲ್ಲ. ಊರವರು ಕುರ್ಚಿ ಮಡಚಿ ಒಳಗೆ ಹೋದರು. ಬಾಟಲಿ ತರಲು ಹಿಂದುಳಿದಿದ್ದ ಅವರು ಕಾರುಗಳ ನಡುವೆ ತೂರಿ ಬಂದಾಗ ರಸ್ತೆಯಲ್ಲಿದ್ದವರು ತಾಯಿ ಒಬ್ಬರೇ. ಅಂಗಿ ತುಂಬ ಬಾಟಲಿ, ಮುಖ ತುಂಬ ಧೂಳು. ಪಾಪ, ಯಾರೋ ಸೋತ ಹುಡುಗ ಎಂದುಕೊಂಡ ಆ ತಾಯಿ ಮರುಕದಿಂದ ಚಪ್ಪಾಳೆ ತಟ್ಟಿ “ಧೈರ್ಯ ಬಿಡಬೇಡಪ್ಪ” ಎಂದರು. ಮಗ ತಲೆ ತಗ್ಗಿಸಿ ಮುಂದಕ್ಕೆ ಹೋದರು. ರಾತ್ರಿ ಫೋನಿನಲ್ಲಿ ವಿಷಯ ತಿಳಿದ ಮರಿವೊನ್ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟರು.

ಇವತ್ತು ಓಟ ಮತ್ತೆ ಅದೇ ದಾರಿ ಹಿಡಿಯುತ್ತಿದೆ. ಗುಂಪಿನಲ್ಲಿ ಹಳೆಯ ಪದ್ಧತಿಯೊಂದಿದೆ. ಯಾರದಾದರೂ ಸ್ವಂತ ಊರು ಬಂದಾಗ ಉಳಿದವರು ಸ್ವಲ್ಪ ನಿಧಾನಿಸಿ ಅವರನ್ನು ಮುಂದೆ ಬಿಡುತ್ತಾರೆ. ಅವರು ಒಬ್ಬರೇ ಊರು ಹೊಕ್ಕು, ಮನೆಯವರಿಗೆ ಮುತ್ತು ಕೊಟ್ಟು, ಗುಂಪು ಬಂದಾಗ ಸೇರಿಕೊಳ್ಳುತ್ತಾರೆ. ಇದಕ್ಕೆ ಗೇಟ್ ಪಾಸ್ ಎಂದು ಹೆಸರು. ಸೆಪ್ಟೆಂಬರಿಗೆ ನಿವೃತ್ತರಾಗುವ ಗುಲ್ವೆನ್ ಅವರಿಗೆ ಇದು ಕೊನೆಯ ಅವಕಾಶ. ತಾಯಿಯ ಮುಂದೆ ಒಮ್ಮೆಯಾದರೂ ಮೊದಲಿಗನಾಗಿ ಹಾದುಹೋಗಬೇಕು. ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ಅವರು ಬಾಯಿ ತೆರೆಯುವ ಮುನ್ನವೇ ಲುದೋ ಕಾಲೆಳೆಯುತ್ತಾರೆ.

“ಅಜ್ಜಾ, ಗೇಟ್ ಪಾಸ್ ಬೇಕು ತಾನೆ? ಎಲ್ಲ ತಂಡದವರಿಗೂ ಹೇಳಿದೀನಿ. ಬಾಟಲಿ ಗೀಟಲಿ ಅಂತ ಹಿಂದೆ ಹೋದ್ಯೋ, ನಾನೇ ಅಮ್ಮಂಗೆ ಚಾಡಿ ಹೇಳ್ತೀನಿ.”

ಮಧ್ಯಾಹ್ನ ಪ್ಲುವೆನೆಕ್ ಚರ್ಚಿನ ಗೋಪುರ ಕಂಡಾಗ ಗುಂಪು ಮಾತಿನಂತೆ ನಿಧಾನಿಸುತ್ತದೆ. ಗುಲ್ವೆನ್ ಒಬ್ಬರೇ ಮುಂದೆ ಹೊರಡುತ್ತಾರೆ. ಇನ್ನೊಂದು ತಿರುವು ದಾಟಿದರೆ ಊರು. ಅಷ್ಟರಲ್ಲಿ ಕಿವಿಯ ರೇಡಿಯೋ ಗೊರಗುಟ್ಟುತ್ತದೆ: “ಲುದೋ ಪಂಕ್ಚರ್. ಕಾರು ದೂರ ಇದೆ.” ಗುಲ್ವೆನ್ ಹೆಸರನ್ನು ಅದು ಹೇಳುವುದಿಲ್ಲ. ಗಾಳಿಯಲ್ಲಿ ಕೇಳಿಸಲಿಲ್ಲ ಅಂದಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವರು ಬ್ರೇಕ್ ಹಿಡಿಯುತ್ತಾರೆ.

ಗುಂಪು ಅವರನ್ನು ದಾಟಿ ಹೋಗುತ್ತದೆ. ಹಿಂದೆ ಕುಂಟುತ್ತ ಬಂದ ಲುದೋ “ಬೇಡ ಅಜ್ಜಾ, ಹೋಗು ನೀನು” ಎಂದರೂ ಗುಲ್ವೆನ್ ಆಗಲೇ ಸೈಕಲ್ ಅವರ ಕೈಗೆ ಕೊಟ್ಟಾಗಿದೆ. ಲುದೋ ಹತ್ತುತ್ತಾರೆ, ಸೀಟು ಕೂದಲೆಳೆ ವ್ಯತ್ಯಾಸವಿಲ್ಲದೆ ಸರಿಹೊಂದುತ್ತದೆ, ಹೊರಟೇಬಿಡುತ್ತಾರೆ. ಗುಲ್ವೆನ್ ಹೂಕೋಸಿನ ಹೊಲದ ಬದಿ ಪಂಕ್ಚರಾದ ಸೈಕಲ್ ಹಿಡಿದು ನಿಲ್ಲುತ್ತಾರೆ. ತಂಡದ ಕಾರು ಬಂದು ಬೇರೆ ಸೈಕಲ್ ಕೊಟ್ಟು ನಾಯಕನ ಬೆನ್ನು ಹಿಡಿಯುವ ಹೊತ್ತಿಗೆ ಗುಲ್ವೆನ್ ಹಿಂದೆ ಉಳಿದಿರುವುದು ಪೊರಕೆ ಗಾಡಿ ಮಾತ್ರ. ಓಟದ ಕೊನೆಯಲ್ಲಿ ಬರುವ, ಕೈಚೆಲ್ಲಿದವರನ್ನು ಹತ್ತಿಸಿಕೊಳ್ಳುವ ವ್ಯಾನು ಅದು.

ಊರಿನಲ್ಲಿ ಆಗ ಏನು ನಡೆಯಿತೆಂದು ನಿವೃತ್ತ ಅಂಚೆಯಣ್ಣ ಇಫಿಗ್ ಹೇಳುತ್ತಾರೆ. ಗುಂಪು ದಾಟಿದ ಕೂಡಲೇ ಅವರು ಕುರ್ಚಿ ಮಡಚಲು ಹೋದರಂತೆ. “ಮರಿವೊನ್, ಮುಂದೆ ಬರ್ತಾನೆ ಮುಂದೆ ಬರ್ತಾನೆ ಅಂತಿದ್ಯಲ್ಲ, ಎಲ್ಲಿ ನಿನ್ನ ಮಗ?”

“ಕೂತ್ಕೋ ಇಫಿಗ್. ಅವನು ಕೆಲಸಕ್ಕೆ ಬಂದಿರೋದು, ಮೆರವಣಿಗೆಗಲ್ಲ. ಕೆಲಸ ಮುಗಿಸಿ ಬರ್ತಾನೆ. ಪೊರಕೆ ಗಾಡಿ ಹೋಗೋಕೆ ಮುಂಚೆ ಕುರ್ಚಿ ಮಡಚಿದವರಿಗೆ ನನ್ನ ಮನೇಲಿ ಗಲೆತ್ ದೋಸೆ ಇಲ್ಲ.”

ಯಾರೂ ಮಡಚಲಿಲ್ಲ. ಖಾಲಿ ಬೀದಿಯನ್ನೇ ನಿರೀಕ್ಷಿಸಿ ತಿರುವು ದಾಟಿದ ಗುಲ್ವೆನ್ ಕಾಣುವುದು ಎದ್ದು ನಿಂತ ಇಡೀ ಊರನ್ನು. ಅವರಿಗೆ ತುಳಿಯುವುದೇ ಮರೆತುಹೋಗುತ್ತದೆ. ಮರಿವೊನ್ ರಸ್ತೆ ನಡುವಿಗೆ ಬಂದು ನಿಂತಿದ್ದಾರೆ. ಈ ಸಲ ಗುರುತು ತಪ್ಪಿಲ್ಲ. ಅವರ ಕೈಯಲ್ಲೊಂದು ಲೋಟ ನೀರಿದೆ.

“ಎಲ್ಲರಿಗೂ ಕೊಟ್ಯಾ?”

“ಕೊಟ್ಟೆ ಅಮ್ಮ.”

“ಸರಿ, ನೀನು ಕುಡಿ ಈಗ.”

ಪೊರಕೆ ಗಾಡಿಯ ಚಾಲಕ ಎಂಜಿನ್ ಆರಿಸಿ ಕಾಯುತ್ತಾರೆ. ಗುಲ್ವೆನ್ ನಿಂತೇ ಲೋಟ ಖಾಲಿ ಮಾಡಿ, ತಾಯಿಯ ಕೆನ್ನೆಗೆ ಧೂಳಿನ ಮುತ್ತೊತ್ತಿ ಹೊರಡುತ್ತಾರೆ.

ಆ ದಿನ ಗೆದ್ದವರು ಲುದೋ. ಮರುದಿನದ ಪತ್ರಿಕೆಗಳಲ್ಲಿ ಅವರದೇ ಚಿತ್ರ, ಕೈ ಎರಡೂ ಮೇಲೆ. ಅವರು ಕೂತ ಸೈಕಲ್ ಯಾರದೆಂದು ಯಾವ ಪತ್ರಿಕೆಯೂ ಬರೆದಿಲ್ಲ. ಮರಿವೊನ್ ಮಾತ್ರ ಚಿತ್ರ ಕತ್ತರಿಸಿ ಅಡುಗೆಮನೆಗೆ ಅಂಟಿಸಿದ್ದಾರೆ. ಬಂದವರಿಗೆ ಬೆರಳಿಟ್ಟು ತೋರಿಸುವುದು ಲುದೋ ಮುಖವನ್ನಲ್ಲ, ಅವರ ಕೆಳಗಿನ ಸೀಟನ್ನು.

ಸೆಪ್ಟೆಂಬರಿನ ನಂತರ ಏನು ಮಾಡುತ್ತೀರಿ ಎಂದರೆ ಗುಲ್ವೆನ್ ಮಂಡಿ ಸವರಿಕೊಳ್ಳುತ್ತ ನಗುತ್ತಾರೆ.

“ಸೈಕಲ್ ಬಿಡಲ್ಲ. ಸೀಟನ್ನ ಒಂದು ಬೆರಳು ಇಳಿಸ್ಕೊಂಡು, ಅಮ್ಮನ ಮನೆವರೆಗೂ ನಿಧಾನವಾಗಿ ತುಳ್ಕೊಂಡು ಹೋಗಬೇಕು. ನನ್ನ ಕಾಲಿನ ಅಳತೆಗೆ ಹೇಗಿರುತ್ತೋ, ಅದೊಂದು ನೋಡ್ಬೇಕು.”