ಅಕ್ಕೋರ ಬಾಯಲ್ಲಿ ಉಳಿದ ಮಾತು

ಜೋಳ ಹಸನು ಮಾಡುತ್ತಿದ್ದ ಅವ್ವನ ಬಲಗೈಯಿಂದ ಮೊರ ಜಾರಿ ಬಿತ್ತು. ಕಾಳೆಲ್ಲ ಚೆಲ್ಲಿತು.

"ಯಾಕಬೇ, ಏನಾತು?" ಎಂದೆ. ಬಾಯಿ ತೆರೆದಳು. ಮಾತು ಬರಲಿಲ್ಲ. ತುಟಿ ಒಂದು ಕಡೆ ಸೊಟ್ಟಗಾಗಿತ್ತು.

ಬೈಲಹೊಂಗಲದ ದವಾಖಾನೆಯಿಂದ ಧಾರವಾಡಕ್ಕೆ ಕಳಿಸಿದರು. ಸ್ಕ್ಯಾನ್ ಆಯಿತು. ಸ್ಟ್ರೋಕ್. ಡಿಸ್ಚಾರ್ಜ್ ಮಾಡುವಾಗ ಡಾಕ್ಟರು ಹೇಳಿದರು: "ಮಾತಾಡೋ ಭಾಗಕ್ಕ ಪೆಟ್ಟು ಬಿದ್ದೈತ್ರಿ. ಮಂದಿ ನಡುವ ಇಡ್ರಿ. ಮಾತು ಕೇಳಿದಷ್ಟೂ ಛಲೋ."

ಅವ್ವ ನಮ್ಮ ದೊಡವಾಡದಲ್ಲಿ ಸಾಲಿ ಕಲಿಸಿದವಳು. ಊರಿಗೆಲ್ಲ ಅಕ್ಕೋರು. ಅಪ್ಪ ತೀರಿಕೊಂಡಾಗ ನಾನಿನ್ನೂ ತೊಟ್ಟಿಲಲ್ಲಿದ್ದೆ. ಹೊಲ ಲಾವಣಿಗೆ ಕೊಡು, ಬೇರೆಯವರು ಉಳಲಿ ಎಂದವರ ಮಾತನ್ನು ಅವ್ವ ಕೇಳಲಿಲ್ಲ. ನಸುಕಿನಲ್ಲಿ ತಾನೇ ಎತ್ತು ಹೂಡಿ ಕುಂಟೆ ಹೊಡೆದು, ಮನೆಗೆ ಬಂದು ಮೈ ತೊಳೆದು, ಇಸ್ತ್ರಿ ಸೀರೆ ಉಟ್ಟು ಸಾಲಿಗೆ ಹೋಗುತ್ತಿದ್ದಳು. ಹೊಲದಲ್ಲಿ ಎತ್ತುಗಳಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದವಳು ಸಾಲಿಯ ಮಕ್ಕಳಿಗೆ ಮಾತ್ರ "ಬರ್ರಿ, ಕುಂದರ್ರಿ" ಎನ್ನುತ್ತಿದ್ದಳು. ಮಕ್ಕಳ ಬಾಯಲ್ಲಿ ಕೆಟ್ಟ ಮಾತು ಬಂದರೆ ಸಹಿಸುತ್ತಿರಲಿಲ್ಲ.

ದವಾಖಾನೆಯಿಂದ ಮನೆಗೆ ಬಂದ ಮೇಲೆ ಮೊದಲ ಮಾತು ಹೊರಟಿತು. ನೋಡಲು ಬಂದ ಹಿರಿಯರೊಬ್ಬರ ಮುಖಕ್ಕೇ.

"ನಿನ್ನ ಹೆಣಾ ಎತ್ಲಿ!"

ನೀರು ಬೇಕೆಂದರೂ ಅದೇ ಮಾತು. ಊಟ ಸಾಕೆಂದರೂ ಅದೇ. ಹೇಳಹೊರಟದ್ದೊಂದು, ಬಾಯಿಂದ ಬರುತ್ತಿದ್ದದ್ದೊಂದು. ಅದು ಅವಳಿಗೂ ಕೇಳುತ್ತಿತ್ತು. ಎಡಗೈಯಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಆಗ ನನ್ನನ್ನು ಕಾಡಿದ್ದು ಅವಳ ಸಂಕಟವಲ್ಲ. ಓಣಿಯವರು ಏನೆಂದಾರು ಎಂಬ ಚಿಂತೆ.

ಬಾಗಿಲು ಮುಚ್ಚಿದೆ.

ಬಂದವರಿಗೆಲ್ಲ "ಮಲಗ್ಯಾಳ್ರಿ" ಎಂದು ಹೇಳಿ ಕಳಿಸಿದೆ. ಒಳಗಿನಿಂದ ದನಿ ಕೇಳಿದರೆ ಟಿ.ವಿ. ಸದ್ದು ಏರಿಸಿದೆ. ಡಾಕ್ಟರ ಮಾತು ನೆನಪಿರಲಿಲ್ಲ ಎಂದಲ್ಲ. ನೆನಪಿತ್ತು.

ಒಂದು ಮಧ್ಯಾಹ್ನ ಗಂಗವ್ವ ಮೊಸರು ತಂದಳು. ಅವ್ವನ ಕೈಯಲ್ಲಿ ಅಕ್ಷರ ಕಲಿತವಳು, ಈಗ ಮೊಮ್ಮಕ್ಕಳನ್ನು ಕಂಡಾಕೆ. "ಮಲಗ್ಯಾಳ" ಎನ್ನುವಷ್ಟರಲ್ಲಿ ಒಳಗಿನಿಂದ ಬೈಗುಳ ಕೇಳಿತು. ಗಂಗವ್ವ ನನ್ನ ಮುಖ ನೋಡಿದಳು. ಬಾಗಿಲು ತಳ್ಳಿ ಒಳಗೆ ಹೋದಳು.

"ನಿನ್ನ ಹೆಣಾ ಎತ್ಲಿ!" ಎಂದ ಅವ್ವ ಗಾಬರಿಯಾಗಿ ಬಾಯಿ ಮುಚ್ಚಿಕೊಂಡಳು.

ಗಂಗವ್ವ ಆ ಕೈಯನ್ನು ಮೆಲ್ಲಗೆ ಸರಿಸಿ, ಪಕ್ಕದಲ್ಲೇ ಕುಳಿತಳು. "ಎತ್ತತಾರ ಬಿಡ್ರಿ ಅಕ್ಕೋರ. ನನಗೂ ವಯಸ್ಸಾತು."

ಅವ್ವ ನಕ್ಕಳು. ಸೊಟ್ಟ ಬಾಯಿಯ ನಗು. ಸ್ಟ್ರೋಕ್ ಆದ ಮೇಲೆ ಅದೇ ಮೊದಲ ನಗು. ನಾನು ಹೊಸ್ತಿಲಲ್ಲಿ ನಿಂತೇ ಇದ್ದೆ. ಒಳಗೆ ಹೋಗುವ ಮುಖ ನನಗಿರಲಿಲ್ಲ.

ಮರುದಿನದಿಂದ ಗಂಗವ್ವ ಒಬ್ಬಳೇ ಬರಲಿಲ್ಲ, ಹೆಂಗಸರನ್ನೂ ಕರೆತಂದಳು. ಪಡಸಾಲೆಯಲ್ಲಿ ಅವ್ವನನ್ನು ಕೂರಿಸಿಕೊಂಡು ಶೇಂಗಾ ಒಡೆದರು, ಮಾತಾಡಿದರು. "ನೀರು" ಎಂಬ ಮಾತು ತಿರುಗಿ ಬಂತು. "ಬಾ" ಬಂತು. ನನ್ನ ಹೆಸರು ಬರಲಿಲ್ಲ. ಮೊದಲಿನಿಂದಲೇ ಬಾಗಿಲು ತೆರೆದಿಟ್ಟಿದ್ದರೆ ಬರುತ್ತಿತ್ತೇನೋ. ಯಾರಿಗೆ ಗೊತ್ತು.

ಸುಗ್ಗಿ ಮುಗಿಯುವ ಹೊತ್ತಿಗೆ ಅವ್ವ ಹೋದಳು. ಮಣ್ಣಿಗೆ ಊರೇ ಬಂದಿತ್ತು. "ಕಡೀಕ ನನಗೂ ಬೈದ್ರು ನೋಡ್ರಿ ಅಕ್ಕೋರು" ಎಂದು ಒಬ್ಬೊಬ್ಬರೂ ಹೆಮ್ಮೆಯಿಂದ ಹೇಳಿಕೊಂಡು ಅತ್ತರು. ಅವರಿಗೆಲ್ಲ ಕುಡಿಯಲು ನೀರು ಕೊಡುತ್ತ ನಾನು ತಲೆ ತಗ್ಗಿಸಿಯೇ ಓಡಾಡಿದೆ.