ಯಾದಗಿರಿ ಗಾಡಿ ಕೂಗುವ ಚಾಂದಪಾಶಾ

ಶಹಾಪುರದ ಬಸ್ ನಿಲ್ದಾಣದ ಹೊರಗೆ, ಕ್ರೂಸರ್ ಗಾಡಿಗಳು ನಿಲ್ಲುವ ಜಾಗದಲ್ಲಿ, ಚಾಂದಪಾಶಾ ಇಪ್ಪತ್ತೆರಡು ವರ್ಷ ಯಾದಗಿರಿ ಗಾಡಿಗೆ ಜನರನ್ನು ಕೂಗಿ ಕರೆದ. "ಯಾ...ದಗೀರ, ಯಾ...ದಗೀರ" ಎಂದು ಅವನು ಎಳೆದರೆ ಹಣ್ಣಿನ ಬಂಡಿಗಳ ಆಚೆ ಚಹಾ ಕುಡಿಯುತ್ತಿದ್ದವರೂ ಲೋಟ ಇಟ್ಟು ಎದ್ದು ಬರುತ್ತಿದ್ದರು. ಒಂದು ಮಾತ್ರೆಯ ಸ್ವರ ಹ್ರಸ್ವ, ಎರಡು ಮಾತ್ರೆಯದು ದೀರ್ಘ. ದೂರದವರನ್ನು ಕರೆಯಲು ಮೂರು ಮಾತ್ರೆಗೆ ಎಳೆದರೆ ಪ್ಲುತ. ದಿನವೂ ಶಹಾಪುರದಿಂದ ಅದೇ ಗಾಡಿಯಲ್ಲಿ ಹೋಗುವ, ಯಾದಗಿರಿ ದಾರಿಯ ದೋರನಹಳ್ಳಿ ಶಾಲೆಯ ಶಾಂಭವಿ ಟೀಚರು ಪ್ಲುತದ ಪಾಠ ಬಂದಾಗ ಪುಸ್ತಕ ಮುಚ್ಚಿ, "ಶಹಾಪುರಕ್ಕ ಹೋದಾಗ ಚಾಂದಪಾಶಾನ ಕೂಗು ಕೇಳಿ ಬರ್ರಿ, ತಿಳೀತೈತಿ" ಎನ್ನುತ್ತಿದ್ದರು.

ಅವನಿಗೆ ಸ್ವರ ಕಲಿಸಿದವರೂ ಅವರೇ. ಮೂವತ್ತನಾಲ್ಕು ವರ್ಷದ ಹಿಂದೆ, ಮನೆಯಲ್ಲಿ ದಖ್ಖನಿ ಉರ್ದು ಆಡುವ ಹುಡುಗನಾಗಿ ಅವನು ಒಂದನೇ ತರಗತಿಗೆ ಬಂದಿದ್ದ. ಅಕ್ಷರ ತಿದ್ದುವ ಮೊದಲು ತನ್ನ ಬಾಯಿ ತನಗೆ ತಿಳಿಯಬೇಕು ಎಂಬುದು ಟೀಚರ ಪದ್ಧತಿ. ವ್ಯಂಜನಕ್ಕೆ ಉಸಿರು ಎಲ್ಲಾದರೂ ತಡೆಯಬೇಕು. ಸ್ವರಕ್ಕೆ ಆ ತಡೆಯಿಲ್ಲ. ಗಂಟಲಿನ ನಾದ ಬಾಯಿ ಹೇಗಿದೆಯೋ ಹಾಗೆ ರೂಪ ತೊಟ್ಟು ಹೊರಗೆ ಬರುತ್ತದೆ. ನಾಲಿಗೆಯ ಮುಂಭಾಗ ಅಂಗುಳಿನ ಹತ್ತಿರ ಏರಿದರೆ ಇ, ತುಸು ಇಳಿದರೆ ಎ. ಹಿಂಭಾಗ ಏರಿ ತುಟಿ ದುಂಡಗಾದರೆ ಉ, ತುಸು ಇಳಿದರೆ ಒ. ನಾಲಿಗೆ ಪೂರ್ತಿ ಕೆಳಗೆ ಮಲಗಿ ದವಡೆ ಅಗಲವಾಗಿ ತೆರೆದರೆ ಮಾತ್ರ ಆ. ಮಕ್ಕಳು ತಮ್ಮ ಮೂರು ಬೆರಳು ಜೋಡಿಸಿ ಹಲ್ಲುಗಳ ನಡುವೆ ನಿಲ್ಲಿಸಿ ನೋಡಬೇಕು. ಮೂರೂ ಹಿಡಿದರೆ ಆ ಸರಿಯಿದೆ. ಚಾಂದಪಾಶಾ ನಾಲ್ಕು ಬೆರಳು ತುರುಕಿ ಇಡೀ ತರಗತಿಯನ್ನು ನಗಿಸಿದ್ದ.

ಕಳೆದ ಆಷಾಢದ ಒಂದು ಬೆಳಿಗ್ಗೆ ಟೀಚರು ಎಂದಿನಂತೆ ಶಾಲೆಗೆ ಹೊರಟು ಬಂದಾಗ ಯಾದಗಿರಿ ಗಾಡಿಯ ಮುಂದೆ ಕೂಗುವವರೇ ಇರಲಿಲ್ಲ. ಡ್ರೈವರ್ ಲಾಲಪ್ಪ ಸುಮ್ಮನೆ ಹಾರ್ನ್ ಒತ್ತುತ್ತಿದ್ದ. ಚಾಂದಪಾಶಾ ಎದುರಿನ ಸಾಲಿನಲ್ಲಿ ನಿಂತು, "ಸುರಪುರ, ಸುರಪುರ" ಎನ್ನುತ್ತಿದ್ದ.

"ಏನೋ ಚಾಂದ್, ಹಳೇ ಗಾಡಿ ಬ್ಯಾಸರಾತೇನು?"

"ಅಲ್ಲಿ ಬಿಸಲು ಭಾಳ್ರಿ ಟೀಚರ್. ಇಲ್ಲಿ ನೆಳ್ಳೈತಿ."

ಲಾಲಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ನೆಳ್ಳಲ್ರಿ. ಸುರಪುರದಾಗ ಇವಗ ಯಾರೋ ಹೊಸಾ ಬೀಗರು ಹುಟ್ಯಾರ. ನಿನ್ನಿ ಸಂಜಿಂದ ನಮ್ಮ ಗಾಡಿ ಹೆಸರ ತಗಿಯಂಗಿಲ್ಲ."

ಅಂದು ಮೋಡ ಕವಿದಿತ್ತು. ಬಿಸಿಲಿನ ಸುಳಿವೂ ಇರಲಿಲ್ಲ. ಗಾಡಿಯಲ್ಲಿ ಕುಳಿತ ಟೀಚರು ತಮ್ಮಷ್ಟಕ್ಕೆ ತುಟಿಯಲ್ಲೇ "ಸುರಪುರ" ಎಂದು ನೋಡಿದರು. ತುಟಿ ದುಂಡಾಯಿತು, ದವಡೆ ಹೆಚ್ಚುಕಡಿಮೆ ಅಲುಗಲೇ ಇಲ್ಲ. "ಯಾದಗಿರಿ" ಎಂದರು. ದವಡೆ ಕೆಳಗೆ ಬಿತ್ತು. ಅವನ ದವಡೆ ತೆರೆಯುತ್ತಿಲ್ಲ ಎಂದು ಆಗ ಹೊಳೆಯಿತು.

ಇಷ್ಟು ದಿನ ಹೇಗೆ ತಿಳಿಯಲಿಲ್ಲ? ಅವನ ಮಾತು ಸಣ್ಣಗಾದದ್ದು ಅವರ ಕಿವಿಗೆ ಬೀಳದೇ ಇರಲಿಲ್ಲ. ಆದರೆ ಅವನ ಕೆನ್ನೆಯಲ್ಲಿ ಸದಾ ಗುಟ್ಕಾ ಇರುತ್ತಿತ್ತು. ಉಗುಳಿ ಮಾತಾಡು ಎಂದು ಗದರಿ ಸುಮ್ಮನಾಗುತ್ತಿದ್ದರು. ಇನ್ನು ಎ ಹೋಗಿ ಇ ಆದರೆ ಈ ಕಡೆ ಯಾರಿಗೆ ಗೊತ್ತಾಗಬೇಕು? ಮನೆಗೆ ಎಲ್ಲರೂ ಮನಿ ಎನ್ನುವವರೇ. ಊರಿನ ಮಾತೇ ಅವನ ಬೇನೆಯನ್ನು ಮುಚ್ಚಿಟ್ಟಿತ್ತು. ಅಂದು ಮಾತ್ರ ಅವನ ಕೆನ್ನೆ ಖಾಲಿಯಿತ್ತು. ಆದರೂ ಮಾತು ಹಾಗೆಯೇ ಇತ್ತು.

ವಾರದ ನಂತರ ಹಿಟ್ಟಿನ ಗಿರಣಿಯಲ್ಲಿ ಅವನ ಹೆಂಡತಿ ಜೈತುನಬೀ ಸಿಕ್ಕಳು.

"ಮೆಣಸಿನಕಾಯಿ ಮುಟ್ಟೂದೇ ಬಿಟ್ಟೀನ್ರಿ ಟೀಚರ್. ಆದರೂ ಬಾಯಿ ಉರೀತೈತಂತ. ರೊಟ್ಟಿ ಸಾರಿನಾಗ ನೆನಸಿ ನುಂಗತಾರ. ಯಾಕಂತ ಕೇಳಿದರ, ನಿನ್ನ ರೊಟ್ಟಿ ಚಪ್ಪಲಿ ಆಗ್ಯಾವ ಅಂತ ನನಗ ಬೈತಾರ."

"ಎಷ್ಟು ದಿನಾತು?"

"ರಮಜಾನ್ ಮುಗಿದಾಗಿಂದ್ರಿ."

ಟೀಚರು ಎರಡು ಸಲ ಅವನನ್ನು ನಿಲ್ಲಿಸಿ, ಒಮ್ಮೆ ಬಾಯಿ ತೆಗೆದು ಆ ಅನ್ನು ಎಂದರು. "ಈ ವಯಸ್ಸಿನಾಗ ಮತ್ತ ಒಂದನೇ ಕ್ಲಾಸಿನಾಗ ಕೂಡಸ್ತೀರೇನ್ರಿ?" ಎಂದು ಅವನು ನಕ್ಕು ಜಾರಿಕೊಂಡ. ನಗುವಾಗಲೂ ಹಲ್ಲುಗಳ ನಡುವೆ ಸಂದು ಬಿಡಲಿಲ್ಲ. ಮೂರನೆಯ ಸಲ ದವಾಖಾನೆಯ ಮಾತೆತ್ತಿದಾಗ ನಗಲಿಲ್ಲ.

"ಸಂಗಣ್ಣನ್ನ ನೋಡೀರಿಲ್ರಿ?"

ಸಂಗಣ್ಣ ಸುರಪುರ ಗಾಡಿಯ ಹಳೆಯ ಡ್ರೈವರ್. ಕೆನ್ನೆಯ ಹುಣ್ಣಿಗೆಂದು ದೊಡ್ಡ ಆಸ್ಪತ್ರೆಗೆ ಹೋದವನು ಅರ್ಧ ದವಡೆ ಬಿಟ್ಟು ಬಂದಿದ್ದ. ಈಗ ಬಾಯಿಗೆ ವಸ್ತ್ರ ಹಿಡಿದು ಏನು ಹೇಳಿದರೂ ಅವನ ಹೆಂಡತಿಗೆ ಮಾತ್ರ ತಿಳಿಯುತ್ತಿತ್ತು.

"ಹೋಗೂತನಕ ಚಂದಗೆ ಮಾತಾಡ್ತಿದ್ದ. ಹೋಗಿ ಬಂದ ಮ್ಯಾಲೇ ಹಿಂಗಾತು."

"ಅವ ತಡಾ ಮಾಡಿ ಹೋದನೋ ಚಾಂದ್. ಅದಕ್ಕ ಹಂಗಾತು."

"ಬಾಯಿ ಹೋದರ ನಾ ಏನಾರೆ ಉಳೀತೀನ್ರಿ? ಕೂಗೂದು ಬಿಟ್ಟು ನನಗ ಮತ್ತೇನು ಬರತೈತಿ?"

ಅವನ ಕೈ ಅಂಗಿಯ ಜೇಬಿಗೆ ಹೋಯಿತು. ಗುಟ್ಕಾ ಚೀಟಿ ಹರಿದು ಬಾಯಿಗೆ ಸುರಿದುಕೊಂಡ. ತಲೆ ಹಿಂದಕ್ಕೆ ಬಾಗಿಸಿ, ಒಂದು ಬಿರುಕಿಗೆ ಪುಡಿ ತುಂಬುವವನಂತೆ ಜಾಗರೂಕತೆಯಿಂದ ಸುರಿದ.

ಶ್ರಾವಣದ ಮೊದಲ ಸೋಮವಾರ ಜಿಟಿಜಿಟಿ ಮಳೆ. ಲಾಲಪ್ಪ ಗಾಡಿಯನ್ನು ಹಿಂದಕ್ಕೆ ತರುತ್ತಿದ್ದ. ಹಿಂದೆ ನಿಂತು ದಾರಿ ನೋಡಿ ಹೇಳುವುದು ಕೂಗುವವನ ಕೆಲಸ. ಬೇರೆ ಯಾರೂ ಇಲ್ಲದ್ದರಿಂದ ಚಾಂದಪಾಶಾ ಬಂದು, "ಬರ್ಲಿ, ಬರ್ಲಿ" ಎನ್ನುತ್ತಿದ್ದ. ಆಗಲೇ ಟೀಚರು ಛತ್ರಿ ಬಗ್ಗಿಸಿಕೊಂಡು ಗಾಡಿಯ ಹಿಂದಿನಿಂದ ದಾಟಿದರು.

ಚಾಂದಪಾಶಾ ಕಂಡ. ಇಡೀ ಮೈಯಿಂದ ಕೂಗಿದ. ಟೀಚರಿಗೆ ಕೇಳಿಸಿದ್ದು ಮುಚ್ಚಿದ ಬಾಗಿಲ ಹಿಂದೆ ಯಾರೋ ನರಳಿದಂಥ ದನಿ. ಲಾಲಪ್ಪನಿಗೆ ಅದೂ ಕೇಳಿಸಲಿಲ್ಲ. ಚಾಂದಪಾಶಾ ಎರಡೂ ಕೈಯಿಂದ ಗಾಡಿಯ ತಗಡನ್ನು ಬಡಿದ. ಗಾಲಿ ಬಂದು ನಿಂತಾಗ ಟೀಚರ ಸೀರೆಯ ಅಂಚು ಅದರ ಕೆಳಗಿತ್ತು.

ಲಾಲಪ್ಪ ಬೈಯುತ್ತಲೇ ಇಳಿದ. "ಬಾಯಾಗ ಗೂಟ ಬಡದಾರೇನೋ ನಿನಗ? ಒದರಾಕ ಏನಾಗಿತ್ತು?"

ಚಾಂದಪಾಶಾ ಗಾಡಿಯ ಮೆಟ್ಟಿಲ ಮೇಲೆ ಕುಸಿದು ಕುಳಿತ. ಅಂಗೈಯಿಂದ ನೆತ್ತರು ಒಸರುತ್ತಿತ್ತು. ಯಾರೂ ಕೇಳದೆ ತಾನೇ ಬೆರಳು ಜೋಡಿಸಿ ಬಾಯಿಗೆ ಒಯ್ದ. ಒಂದು ಹೋಯಿತು. ಎರಡನೆಯದು ಉಗುರಿನ ತನಕ ಹೋಗಿ ಸಿಕ್ಕಿಬಿತ್ತು. ಟೀಚರು ಬಗ್ಗಿ, ಕೆನ್ನೆಯನ್ನು ಮೆಲ್ಲಗೆ ಎಳೆದು ನೋಡಿದರು. ಒಳಗೆ ಸುಣ್ಣ ಬಳಿದಂತೆ ಬಿಳಿ ಪಟ್ಟಿ. ಅದರ ನಡುವೆ ಕೆಂಪು ಹುಣ್ಣು. ಮೂವತ್ತೈದು ವರ್ಷ ಮಕ್ಕಳ ಬಾಯಿ ನೋಡಿದವರು ಅವರು. ಇಂಥದನ್ನು ಕಂಡಿರಲಿಲ್ಲ.

"ನಿಮಗೇನಾರೆ ಆಗಿದ್ದರ..." ಎಂದ ಅವನು. ನೆತ್ತರಿನ ಅಂಗೈಯನ್ನು ಅಂಗಿಗೆ ಒರೆಸಿಕೊಂಡ. "ಎಲ್ಲಿಗೆ ಹೋಗಬೇಕು ಹೇಳ್ರಿ."

ಯಾದಗಿರಿಯ ಡಾಕ್ಟರು ಅಳತೆಪಟ್ಟಿ ಹಿಡಿದು ಬಾಯಿ ಅಳೆದರು. ಅಡಿಕೆ, ತಂಬಾಕಿನಿಂದ ಕೆನ್ನೆಯ ಒಳಪದರು ನಾರಿನಂತೆ ಬಿಗಿದಿದೆ, ಅಗಿಯುವುದನ್ನು ಬಿಟ್ಟು ಚಿಕಿತ್ಸೆ ಮಾಡಿಸಿಕೊಂಡರೆ ಅದನ್ನು ಸ್ವಲ್ಪ ಸಡಿಲಿಸಬಹುದು ಎಂದರು. ಹುಣ್ಣಿನ ಬಗ್ಗೆ ಏನೂ ಹೇಳಲಿಲ್ಲ. ಒಂದು ತುಣುಕು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಎಂಟು ದಿನ ಕಾಯಬೇಕಿತ್ತು.

ಎಂಟು ದಿನ ಅವನು ಏನನ್ನೂ ಅಗಿಯಲಿಲ್ಲ. ಒಂಬತ್ತನೆಯ ಬೆಳಿಗ್ಗೆ, ಟೀಚರು ಗಾಡಿ ಹತ್ತಿ ಕುಳಿತಿದ್ದಾಗ ಅವನಿಗೆ ಆಸ್ಪತ್ರೆಯಿಂದ ಫೋನು ಬಂತು. ಅವನು "ಹೌದ್ರಿ, ಹೌದ್ರಿ" ಎನ್ನುತ್ತ ಹಣ್ಣಿನ ಬಂಡಿಗಳ ಕಡೆ ಹೋದ. ಮರಳಿ ಬಂದು ಕಿಟಕಿಯ ಹತ್ತಿರ ನಿಂತ.

"ಏನಂದ್ರು?"

"ಫೋನಿನಾಗ ಹೇಳಂಗಿಲ್ಲಂತ್ರಿ. ಮನಿಯಾಕಿನ್ನ ಕರಕೊಂಡು ಇವತ್ತೇ ಬಾ ಅಂದ್ರು."

ಲಾಲಪ್ಪ ಇಂಜಿನ್ ಆರಿಸಿದ. ಚಾಂದಪಾಶಾ ಫೋನಿನಲ್ಲಿ ಜೈತುನಬೀಗೆ, ಮನೆಗೆ ಕೀಲಿ ಹಾಕಿ ಬಾ ಎಂದಷ್ಟೇ ಹೇಳಿದ. ಟೀಚರು ಮುಖ್ಯಗುರುಗಳಿಗೆ ಫೋನು ಮಾಡಿ ಅಂದಿನ ಮಟ್ಟಿಗೆ ರಜೆ ಕೇಳಿದರು.

"ಆಕಿಗೆ ಈಗೇ ಏನೂ ಹೇಳಬ್ಯಾಡ್ರಿ ಟೀಚರ್."

ಜೈತುನಬೀ ಅರ್ಧ ಓಡುತ್ತ ಬಂದಳು. ಗಾಡಿ ಹತ್ತಿ ಗಂಡನ ಮುಖವನ್ನೊಮ್ಮೆ, ಟೀಚರ ಮುಖವನ್ನೊಮ್ಮೆ ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅವನ ಪಕ್ಕ ಕುಳಿತಳು. ಸೀಟು ತುಂಬದೆ ಎಂದೂ ಹೊರಡದ ಲಾಲಪ್ಪ ಆರು ಸೀಟು ಖಾಲಿ ಇದ್ದಂತೆಯೇ ಗಾಡಿ ಬಿಟ್ಟ.