ಸುಖದ ಮೈ

ಕುಣಿಗಲ್ಲಿನ ಕಚೇರಿಯೊಂದರಲ್ಲಿ ನಾನು ಗುಮಾಸ್ತನಾಗಿದ್ದೆ. ಮದುವೆಯಾಗಿ ಆರೇಳು ವರ್ಷಕ್ಕೆ ಹೊಟ್ಟೆ ಬಂದಿತ್ತು, ಎದೆ ಜೋತಿತ್ತು, ತೋಳು ಮಾತ್ರ ಕಡ್ಡಿ. ಅಮ್ಮ ಅದನ್ನು ಸುಖದ ಮೈ ಅನ್ನುತ್ತಿದ್ದಳು. ಗಡ್ಡ ವಾರಕ್ಕೊಮ್ಮೆ ಕೆರೆದರೆ ಸಾಕಾಗುತ್ತಿತ್ತು. ಬ್ಲೇಡು ಉಳಿತಾಯ ಎಂದು ಕಚೇರಿಯವರು ಗೇಲಿ ಮಾಡುತ್ತಿದ್ದರು, ನಾನೂ ನಗುತ್ತಿದ್ದೆ.

ಮಕ್ಕಳಾಗಲಿಲ್ಲ. ತಪಾಸಣೆ ಹೆಂಡತಿಗೆ, ಔಷಧ ಹೆಂಡತಿಗೆ, ಹರಕೆ, ಉಪವಾಸವೂ ಹೆಂಡತಿಗೇ. "ಇವ್ರನ್ನೂ ಒಂದ್ಸಲ ತೋರ್ಸಿದ್ರೆ..." ಎಂದು ಅವಳು ಒಮ್ಮೆ ಬಾಯಿ ತೆರೆದಳು. "ನನ್ ಮಗನಿಗೇನಾಗಿದೆ? ಗುಂಡ್ಕಲ್ ಇದ್ದಂಗವ್ನೆ" ಎಂದಳು ಅಮ್ಮ.

ಆ ಗುಂಡುಕಲ್ಲು ಅಷ್ಟರಲ್ಲಿ ಎರಡು ಸಲ ಮುರಿದಿತ್ತು. ಬಚ್ಚಲಲ್ಲಿ ಜಾರಿ ಮಣಿಕಟ್ಟು, ಬಸ್ಸಿಳಿಯುವಾಗ ಪಾದ. ಎರಡು ಸಲವೂ ನಾಟಿ ಕಟ್ಟು ಹಾಕುವವನ ಹತ್ತಿರವೇ ಹೋದೆ. ನಮ್ಮ ಕಡೆಯವರಿಗೆ ಮೂಳೆಗೆ ಆಸ್ಪತ್ರೆ ಎಂದರೆ ಪ್ಲೇಟು, ಸ್ಕ್ರೂ ಎಂಬ ಹೆದರಿಕೆ. ಬಿದಿರು ದಬ್ಬೆ, ಮೊಟ್ಟೆಯ ಬಿಳಿ, ಬಟ್ಟೆ, ಮುಗಿಯಿತು. ಇಷ್ಟಕ್ಕೇ ಯಾಕೆ ಮುರಿಯಿತು ಎಂದು ಅವನು ಕೇಳಲಿಲ್ಲ, ನಾನೂ ಕೇಳಲಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆ, ಗ್ಯಾಸ್ ಸಿಲಿಂಡರ್ ಎತ್ತಲು ಹೋಗಿ ಬೆನ್ನುಮೂಳೆಯೇ ಕುಸಿಯಿತು. ಬೆನ್ನಿಗೆ ದಬ್ಬೆ ಕಟ್ಟಲಾಗದೆ ತುಮಕೂರಿಗೆ ಹೋದೆವು. ಎಕ್ಸ್‌ರೇ ನೋಡಿದ ಡಾಕ್ಟರು ಮೂಳೆ ಬಿಟ್ಟು ಗಡ್ಡದ ವಿಚಾರ ಕೇಳಿದರು. ರಕ್ತ ಬೆಂಗಳೂರಿಗೆ ಹೋಗಿ ವರದಿ ಬಂತು.

"ಗಂಡಸಿನ ಹಾರ್ಮೋನು ನಿಮಗೆ ತುಂಬಾ ಕಮ್ಮಿ ಇದೆ. ಮೂಳೆ ಸವೆದಿರೋದು, ಮಾಂಸಖಂಡ ಕರಗಿ ಕೊಬ್ಬು ಸೇರಿರೋದು, ಮಕ್ಕಳಾಗದೇ ಇರೋದು, ಎಲ್ಲಾ ಇದರಿಂದಲೇ" ಎಂದರು.

ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ಹೊರಗೆ ಬಂದು ಅತ್ತಳು. "ಅತ್ತೆಗೆ ನೀವೇ ಹೇಳಿ, ಅಷ್ಟೇ ಸಾಕು ನಂಗೆ" ಎಂದಳು. ಹೇಳುತ್ತೇನೆ ಎಂದೆ. ಒಂದು ವರ್ಷ ಇಂಜೆಕ್ಷನ್ ಚುಚ್ಚಿಸಿಕೊಂಡೆ, ಅಮ್ಮನಿಗೆ ಮಾತ್ರ ಕ್ಯಾಲ್ಸಿಯಂ ಎಂದೆ. ನಾಚಿಕೆ, ಬೇರೇನಲ್ಲ. ಮೀಸೆ ಚಿಗುರಿತು, ಧೈರ್ಯ ಚಿಗುರಲಿಲ್ಲ.

ತಮ್ಮನ ಮಗುವಿನ ನಾಮಕರಣ ಗುಬ್ಬಿಯಲ್ಲಿ, ಅವನ ಮಾವನ ಮನೆಯಲ್ಲಿ ನಡೆಯಿತು. ಮಗುವನ್ನು ತೊಟ್ಟಿಲಿಗೆ ಹಾಕಲು ಹೆಂಗಸರು ಸೇರಿದಾಗ ನನ್ನ ಹೆಂಡತಿಯೂ ಕೈ ಚಾಚಿದಳು. "ನೀನ್ ಮುಟ್ಬೇಡ, ಅತ್ಲಾಗೆ ನಿಂತ್ಕೊ. ಮಕ್ಳೊಂದಿಗರು ಹಾಕ್ಲಿ" ಎಂದಳು ಅಮ್ಮ. ಹೆಂಡತಿ ನನ್ನ ಕಡೆ ನೋಡಿದಳು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಅಂದು ಎಲ್ಲರೆದುರು ಹೇಳಿದೆ. "ಅಮ್ಮ, ಅವಳದೇನೂ ತಪ್ಪಿಲ್ಲ. ದೋಷ ನಂದು. ಡಾಕ್ಟ್ರೇ ಹೇಳವ್ರೆ."

ತಮ್ಮನ ಮಾವ ಬಂದು ನನ್ನ ಬೆನ್ನು ತಟ್ಟಿದರು. "ಎಂಥಾ ಮನ್ಸ ನೋಡ್ರಪ್ಪ, ಹೆಂಡ್ತಿ ಮಾನ ಉಳ್ಸಕ್ಕೆ ತನ್ ಮೇಲೇ ಹಾಕ್ಕೊಂಡ" ಎಂದರು. ಅಮ್ಮ ಕಣ್ಣೊರೆಸಿಕೊಂಡು ಹೆಂಡತಿಯ ಕಡೆ ತಿರುಗಿದಳು. "ಇದ್ನೂ ಹೇಳ್ಕೊಟ್ಟೇ ಕರ್ಕೊಂಡ್ ಬಂದಿದೀಯೇನೇ?"

ನಿಜ ಕಣಮ್ಮ, ನಿಜ ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಊಟಕ್ಕೆ ನನ್ನನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ, ಒಳ್ಳೆಯ ಮನುಷ್ಯ ಎಂದು ಒತ್ತಾಯ ಮಾಡಿ ಹೋಳಿಗೆ ಬಡಿಸಿದರು. ಹೆಂಡತಿ ಊಟಕ್ಕೆ ಬರಲಿಲ್ಲ. ನಾನು ತಿಂದೆ.